ಮೋಟಾರುಗಾಡಿಯ ವಾರ್ಷಿಕ ಕರ: ಅದರ ಮಾನವೂ ನ್ಯಾಯವೂ

ವಾಹನಕ್ಕೆ ಕರವನ್ನು ವಿಧಿಸುವ ಅಧಿಕಾರವು ಪ್ರಭುತ್ವಕ್ಕೆ ಉಂಟೇ ಇಲ್ಲವೇ ಎಂಬುದು ಈಗ ವಿವಾದಾಸ್ಪದವಾದ ವಿಷಯವಲ್ಲ. ವಿಚಾರಣೀಯವಾದುದು ಆ ಕರದ ಮಾನ. ಯಾವುದನ್ನು ಅಳೆದು ಕರವನ್ನು ಗೊತ್ತುಮಾಡಬೇಕು? ಗಾಡಿಯ ತೂಕವನ್ನೋ, ಎಂಜಿನ್ನಿನ ಗಾತ್ರವನ್ನೋ, ಅದು ಹೊರಗೆಡಹುವ ಹೊಗೆಯನ್ನೋ, ಅದರ ಬೆಲೆಯನ್ನೋ? ಬ್ರಿಟನ್ ದೇಶದಲ್ಲಿ 1896ರಿಂದ ಈಚೆಗೆ ಈ ಮಾನಗಳೆಲ್ಲವೂ ಒಂದಾದ ಮೇಲೊಂದು ಬಳಕೆಗೆ ಬಂದಿವೆ. ಆದುದರಿಂದ ಆ ದೇಶದ ಚರಿತ್ರೆಯನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಯುಕ್ತವೆಂದು ತೋರುತ್ತದೆ.

ಅದಕ್ಕೆ ಮುಂಚೆ ನಮ್ಮ ಶಾಸ್ತ್ರಕಾರರ ಅಭಿಪ್ರಾಯವನ್ನು ಸ್ವಲ್ಪ ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ‘ವರ್ತನೀ’ ಎಂಬ ದಾರಿಸುಂಕದ ವಿವರವುಂಟು. ಗಡಿಯನ್ನು ಕಾಯುವ ಅಂತಪಾಲನು ಸರಕು ಹೊತ್ತ ವಾಹನಕ್ಕೆ ಒಂದೂಕಾಲು ಪಣ, ಒಂಟಿಗೊರಸಿನ ಪ್ರಾಣಿಗೆ ಒಂದು ಪಣ, ದನಗಳಿಗೆ ಅರ್ಧ, ಸಣ್ಣ ಪಶುಗಳಿಗೆ ಕಾಲು, ಹೆಗಲ ಹೊರೆಗೆ ಒಂದು ಮಾಷ ಎಂಬ ಕ್ರಮದಿಂದ ಇದನ್ನು ತೆಗೆದುಕೊಳ್ಳತಕ್ಕದ್ದು. ಕಳೆದುಹೋದ ಅಥವಾ ಕಳವಾದ ಸೊತ್ತಿಗೆ ಆ ಅಧಿಕಾರಿಯೇ ಹೊಣೆಯೆಂಬ ವಿಧಿಯೂ ಅಲ್ಲಿಯೇ ಇದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೊಳೆ ದಾಟಿಸುವ ಸುಂಕವನ್ನು ಹೇಳುವಾಗ ಬರಿಯ ಬಂಡಿಗೆ ಒಂದು ಪಣವೆಂದೂ, ಸರಕು ತುಂಬಿದ ಬಂಡಿಗೆ ಸರಕಿನ ಸಾರವನ್ನು ನೋಡಿ ತೆಗೆದುಕೊಳ್ಳಬೇಕೆಂದೂ, ಗರ್ಭಿಣಿ, ಸಂನ್ಯಾಸಿ ಮೊದಲಾದವರಿಂದ ಏನನ್ನೂ ತೆಗೆದುಕೊಳ್ಳಕೂಡದೆಂದೂ ವಿಧಿಸಿದೆ. ಇವೆರಡರಿಂದಲೂ ಸಿದ್ಧವಾಗುವುದೇನೆಂದರೆ: ಕರವು ಹೊರೆಗೂ ಶಕ್ತಿಗೂ ಅನುಗುಣವಾಗಿರಬೇಕು, ದಾರಿಯಲ್ಲಿ ನಡೆದವನಿಗೆ ಮಾತ್ರ, ನಡೆದಾಗ ಮಾತ್ರ, ತಗಲಬೇಕು, ತೆಗೆದುಕೊಂಡವನಿಗೆ ಪ್ರತಿಯಾಗಿ ಒಂದು ಕರ್ತವ್ಯವಿರಬೇಕು.

ಅರ್ಥಶಾಸ್ತ್ರದ ಮೂಲವನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚುಹಾಕಿಸಿದ್ದು 1909ರಲ್ಲಿ. ಅದೇ ವರ್ಷ ಬ್ರಿಟನ್ನಿನ ಅರ್ಥಸಚಿವ ಲಾಯ್ಡ್ ಜಾರ್ಜರು ತಮ್ಮ ಪ್ರಸಿದ್ಧವಾದ ಆಯವ್ಯಯವನ್ನು ಪಾರ್ಲಿಮೆಂಟಿನ ಮುಂದಿಟ್ಟರು. 1896ರ ಶಾಸನವು ಒಂದು ಟನ್ನಿಗೆ ಮೇಲ್ಪಟ್ಟ ಗಾಡಿಗಳಿಗೆ ತೂಕದ ಮೇಲೆ ಹೆಚ್ಚು ಕರವನ್ನು ಹಾಕಿತ್ತು. ಈಗ ತೂಕಕ್ಕೆ ಬದಲಾಗಿ ಅಶ್ವಶಕ್ತಿಯು ಮಾನವಾಯಿತು. ಆರೂವರೆ ಅಶ್ವಶಕ್ತಿಯೊಳಗಿನ ಗಾಡಿಗೆ ವರ್ಷಕ್ಕೆ 2 ಗಿನಿ. ಅಲ್ಲಿಂದ ಏರುತ್ತ 60ಕ್ಕೆ ಮೇಲ್ಪಟ್ಟುದಕ್ಕೆ 40 ಗಿನಿ. ವೈದ್ಯರಿಗೆ ಅರ್ಧ. ಇದರೊಡನೆ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 3 ಪೆನ್ನಿಯ ಸುಂಕವೂ ಬಂದಿತು. ಬಂದ ಹಣವನ್ನು ರಸ್ತೆಗಳ ಸುಧಾರಣೆಗಾಗಿಯೇ ಪ್ರತ್ಯೇಕವಾದ ನಿಧಿಯಲ್ಲಿ ಇರಿಸತಕ್ಕದ್ದೆಂದು ಗೊತ್ತಾಯಿತು. ಶಕ್ತಿ, ಬಳಕೆ, ಪ್ರತಿಕರ್ತವ್ಯ ಮೂರೂ ಇಲ್ಲಿ ಕೂಡಿಬಂದಿದ್ದುವೆಂಬುದು ಗಮನಾರ್ಹ.

ಈ ಸಮತ್ವವು ಬಹುಕಾಲ ನಿಲ್ಲಲಿಲ್ಲ. 1921ರ ಜನವರಿ 1ರಿಂದ ಪೆಟ್ರೋಲಿನ ಸುಂಕವು ಹೋಗಿ, ಅಶ್ವಶಕ್ತಿಯೊಂದಕ್ಕೆ 1 ಪೌಂಡು ಎಂಬ ವಾರ್ಷಿಕ ಕರವು ನಿಂತಿತು. ಇಲ್ಲಿ ಅಶ್ವಶಕ್ತಿಯೆಂಬುದು ಎಂಜಿನ್ನಿನ ನಿಜವಾದ ಬಲವಲ್ಲ. ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರದಂತೆ, ಸಿಲಿಂಡರಿನ ಅಡ್ಡಳತೆಯನ್ನು ಅಂಗುಲಗಳಲ್ಲಿ ವರ್ಗಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಬರುವ ಲಬ್ಧವೇ ಅದು. ಪಿಸ್ಟನ್ನು ಎಷ್ಟು ದೂರ ಚಲಿಸುತ್ತದೆಂಬುದು ಈ ಲೆಕ್ಕಕ್ಕೆ ಸೇರಲೇ ಇಲ್ಲ. ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಗಾಡಿಗೆ ಮೂರೂಮುಕ್ಕಾಲು ಅಂಗುಲದ ಸಿಲಿಂಡರುಗಳು ನಾಲ್ಕು. ಸೂತ್ರದಂತೆ ಇಪ್ಪತ್ತೆರಡೂವರೆ ಅಶ್ವಶಕ್ತಿ. ಕರ 23 ಪೌಂಡು. 1922ರಲ್ಲಿ ಹೊರಟ ‘ಆಸ್ಟಿನ್ ಸೆವೆನ್’ ಗಾಡಿಗೆ 8 ಪೌಂಡು ಮಾತ್ರ. ಅಗ್ಗವಾದ ಸಾಮಾನ್ಯರ ಗಾಡಿಯೆಂದು ಹೆಸರಾದ ಫೋರ್ಡಿನ ಒಡೆಯನು ಹೀಗೆ ಇಮ್ಮಡಿಗೂ ಮಿಗಿಲಾದ ಕರವನ್ನು ತೆರಬೇಕಾಯಿತು. ಗಾಡಿಯನ್ನು ಕಟ್ಟುವವರಾದರೋ ಅಡ್ಡಳತೆಯನ್ನು ಕಿರಿದುಮಾಡಿ ಪಿಸ್ಟನ್ನಿನ ನಡೆಯನ್ನು ಉದ್ದಮಾಡಿದರು. ಗಾತ್ರವು ಉಳಿಯಿತು, ಕರವು ಇಳಿಯಿತು. ಅಳೆಯಬೇಕಾದುದನ್ನು ಬಿಟ್ಟು ಅಳೆಯಲು ಸುಲಭವಾದುದನ್ನು ಹಿಡಿದರೆ ಹೀಗಾಗುವುದು ಸಹಜ. ಈ ಕಿರಿಯಗಲದ ಎಂಜಿನ್ನುಗಳು ಪರದೇಶದ ಮಾರುಕಟ್ಟೆಗೆ ಒಗ್ಗುವುದಿಲ್ಲವೆಂಬ ಆಕ್ಷೇಪವು ಬಲವಾದ ಮೇಲೆ, 1947ರಲ್ಲಿ ಹೊಸ ಗಾಡಿಗಳಿಗೆ ಘನಗಾತ್ರದ ಮಾನವನ್ನೂ, ಮರುವರ್ಷವೇ ಅವುಗಳಿಗೆಲ್ಲ ಸಮನಾಗಿ 10 ಪೌಂಡಿನ ಕರವನ್ನೂ ತಂದರು.

ಇನ್ನು ರಸ್ತೆಯ ನಿಧಿಯ ಗತಿ. 1926ರಲ್ಲಿ ಚರ್ಚಿಲರು ಅದರಿಂದ ಹಣವನ್ನು ಸಾಮಾನ್ಯ ವೆಚ್ಚಕ್ಕೆ ತೆಗೆದರು. 1937ರಿಂದ ಕರವು ನೇರವಾಗಿ ಖಜಾನೆಗೇ ಸೇರತೊಡಗಿತು. 1955ರಲ್ಲಿ ನಿಧಿಯೇ ಇಲ್ಲವಾಯಿತು. ಜನರ ಬಾಯಲ್ಲಿ ಮಾತ್ರ ಅದು ‘ರಸ್ತೆಯ ತೆರಿಗೆ’ಯಾಗಿಯೇ ಉಳಿಯಿತು. ಅಂತಪಾಲನ ಸುಂಕವು ನಿಂತು, ಅವನ ಹೊಣೆಯು ಜಾರಿತೆನ್ನಬಹುದು.

ಮೂರನೆಯ ಘಟ್ಟವು ಹೊಗೆಯದು. 2001ರ ಮಾರ್ಚಿ 1ರಿಂದ ನೋಂದಾಯಿತವಾದ ಗಾಡಿಗಳಿಗೆ, ಒಂದು ಕಿಲೊಮೀಟರಿಗೆ ಎಷ್ಟು ಗ್ರಾಂ ಇಂಗಾಲಾಮ್ಲವಾಯುವನ್ನು ಬಿಡುವುವೆಂಬುದೇ ಮಾನವಾಯಿತು. ಅದಕ್ಕೆ ಹಿಂದಿನ ಗಾಡಿಗಳಿಗೆ ಎಂಜಿನ್ನಿನ ಗಾತ್ರವೇ ಮಾನವಾಗಿ ಉಳಿದು, 1549 ಘನ ಸೆಂಟಿಮೀಟರು ಎಲ್ಲೆಯಾಯಿತು. ಉದ್ದೇಶವು ಶ್ಲಾಘ್ಯವೇ. ಆದರೆ ಇಂಗಾಲಾಮ್ಲವನ್ನು ಮಾತ್ರ ಅಳೆದುದರಿಂದ ಡೀಸೆಲ್ ಗಾಡಿಗಳಿಗೆ ಅನುಕೂಲವಾಯಿತು. ಅವು ಬಿಡುವ ಸಾರಜನಕದ ಆಕ್ಸೈಡುಗಳೂ ಮಸಿಯೂ ಊರಿನವರ ಶ್ವಾಸಕೋಶಕ್ಕೆ ಸೇರಿದುವು. ಪರೀಕ್ಷಾಶಾಲೆಯಲ್ಲಿ ಒಂದು ಬಗೆ, ಬೀದಿಯಲ್ಲಿ ಒಂದು ಬಗೆ ನಡೆಯುವಂತೆ ಎಂಜಿನ್ನುಗಳನ್ನು ಅಳವಡಿಸಿದ್ದುದಾಗಿ 2015ರಲ್ಲಿ ಫೋಕ್ಸ್‌ವಾಗನ್ ಕಂಪೆನಿಯು ಒಪ್ಪಿಕೊಂಡಿತು. ಸಿಲಿಂಡರನ್ನು ಕಿರಿದುಮಾಡಿದ ಕಾಲದ ಜಾಣ್ಮೆಯು ಇಲ್ಲಿ ವಂಚನೆಯಾಗಿ ಬೆಳೆಯಿತು.

ಇನ್ನೊಂದು ದೋಷವೂ ಉಂಟು. 2008ರ ಆಯವ್ಯಯದಲ್ಲಿ, 2001ರಿಂದ ಈಚೆಗೆ ಕೊಂಡಿದ್ದ ಹಳೆಯ ಗಾಡಿಗಳಿಗೂ ಹೊಸ ಹೆಚ್ಚಿನ ದರಗಳನ್ನು ವಿಧಿಸಲು ಹೊರಟರು. ಕೊಂಡಾಗ ಇಲ್ಲದ ವಿಧಿಯಿಂದ ಈಗ ದಂಡಿಸುವುದೇ ಎಂದು ಜನರು ಕೇಳಿದರು. ಅದೇ ನವೆಂಬರಿನಲ್ಲಿ ಏರಿಕೆಯನ್ನು ತಗ್ಗಿಸಬೇಕಾಯಿತು. ಹೊಸ ಗಾಡಿಯನ್ನು ಕೊಳ್ಳಬಲ್ಲ ಧನಿಕನು ಕಡಮೆ ಕರದ ಗಾಡಿಯನ್ನು ಆರಿಸಿಕೊಳ್ಳಬಹುದು. ಎರಡನೆಯ ಮೂರನೆಯ ಕೈಗೆ ಬಂದುದನ್ನು ಕೊಳ್ಳುವ ಬಡವನಿಗೆ ಆ ಆಯ್ಕೆಯಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಹುಟ್ಟುತ್ತದೆ: ಹಾಗಾದರೆ ಎಲ್ಲರಿಗೂ ಸಮನಾದ ಕರವೇ ನ್ಯಾಯವಲ್ಲವೇ? 2017ರ ಏಪ್ರಿಲಿನಿಂದ ಹೊಸ ಗಾಡಿಗಳಿಗೆ ಮೊದಲ ವರ್ಷ ಹೊಗೆಗೆ ತಕ್ಕ ಕರ, ಆಮೇಲೆ ಬಹುಪಾಲಿನವುಗಳಿಗೆ ಒಂದೇ ದರವಾದ 140 ಪೌಂಡು, 40,000 ಪೌಂಡಿಗೆ ಮೇಲ್ಪಟ್ಟ ಬೆಲೆಯವುಗಳಿಗೆ ಐದು ವರ್ಷ ಅಧಿಕ ಕರ ಎಂಬ ವ್ಯವಸ್ಥೆ ಬಂದಿತು. 2025ರ ಏಪ್ರಿಲಿನಿಂದ ವಿದ್ಯುತ್ತಿನ ಗಾಡಿಗಳೂ ಕರಕ್ಕೆ ಒಳಪಟ್ಟಿವೆ. ಇದು ಸರಳವೆಂಬುದು ನಿಜ. ಆದರೆ ವಾರಕ್ಕೊಮ್ಮೆ ಸಂತೆಗೆ ಹೋಗಿಬರುವ ಮುದುಕಿಗೂ ದಿನವೂ ನೂರು ಮೈಲಿ ಓಡಾಡುವವನಿಗೂ ಒಂದೇ ಕರವೆಂಬುದು ಸಂಖ್ಯೆಯ ಸಮತ್ವವೇ ಹೊರತು ನ್ಯಾಯದ ಸಮತ್ವವಲ್ಲ. ವಾರ್ಷಿಕ ಕರವು ಯಾವ ಮಾನವನ್ನು ಹಿಡಿದರೂ ಮುಟ್ಟುವುದು ಒಡೆತನವನ್ನು. ರಸ್ತೆಯನ್ನು ಸವೆಸುವುದೂ ಗಾಳಿಯನ್ನು ಕೆಡಿಸುವುದೂ ಓಟ. ಪೆಟ್ರೋಲಿನ ಸುಂಕವನ್ನು 1928ರಲ್ಲಿ ಪುನಃ ತಂದುದಕ್ಕೆ ಖಜಾನೆಯ ಅಗತ್ಯವು ಕಾರಣವಾಗಿದ್ದರೂ, ಓಟಕ್ಕೆ ಅತ್ಯಂತ ಸಮೀಪವಾದ ಮಾನವು ಅದೇ. ಪೆಟ್ರೋಲನ್ನೇ ಉಣ್ಣದ ವಿದ್ಯುತ್ತಿನ ಗಾಡಿಗಳಿಗೆ 2028ರ ಏಪ್ರಿಲಿನಿಂದ ಮೈಲಿಯ ಲೆಕ್ಕದಲ್ಲಿ ಕರವನ್ನು ಹಾಕುವುದಾಗಿ 2025ರ ನವೆಂಬರಿನಲ್ಲಿ ಸಾರಿರುವುದೂ ಇದೇ ದಾರಿಯ ಹೆಜ್ಜೆ.

ಆದುದರಿಂದ ಸಿದ್ಧಾಂತವಿದು. ಎಂಜಿನ್ನಿನ ಗಾತ್ರವೂ ಹೊಗೆಯ ಪರೀಕ್ಷೆಯೂ ಗಾಡಿಯನ್ನು ಕೊಳ್ಳುವ ಸಮಯದಲ್ಲಿ ಒಳ್ಳೆಯದನ್ನು ಆರಿಸುವಂತೆ ಮಾಡಲು ತಕ್ಕ ಉಪಾಯಗಳು. ಕೊಂಡವನ ಮೇಲೆ ವರ್ಷವರ್ಷವೂ ಹೊರಿಸಲು ತಕ್ಕ ಮಾನಗಳಲ್ಲ. ಆ ಹೊರೆಯು ಓಟವನ್ನು ಅನುಸರಿಸಬೇಕು, ಬಂದ ಹಣವು ದಾರಿಗೂ ದಾರಿಹೋಕರ ಕ್ಷೇಮಕ್ಕೂ ಮರಳಬೇಕು. ಹೊಳೆಯ ದಡದಲ್ಲಿ ಬರಿಯ ಬಂಡಿಯನ್ನೂ ತುಂಬಿದ ಬಂಡಿಯನ್ನೂ ಬೇರೆಬೇರೆಯಾಗಿ ನೋಡಿದ ಸ್ಮೃತಿಕಾರನು ದಾಟದೆ ಮನೆಯಲ್ಲಿ ನಿಂತ ಬಂಡಿಗೆ ಸುಂಕವನ್ನು ಹೇಳಲಿಲ್ಲವೆಂಬುದನ್ನು ವಿದ್ವಾಂಸರು ಮನನಮಾಡುವರೆಂದು ನಂಬಿದ್ದೇವೆ.