ಇಲಿ ಬಿದ್ದಾಗ ಎದ್ದ ಬಡಾವಣೆಗಳು

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹೆಸರೆತ್ತಿದರೆ ಹಳಬರ ದನಿ ತಾನಾಗಿ ಮೆದುವಾಗುತ್ತದೆ. ಸಾಲುಮರ, ಹೆಂಚಿನ ಮನೆ, ಅಂಗಳದ ರಂಗೋಲಿ, ರಾಮನವಮಿಯ ಪಾನಕ, ಗಾಂಧಿ ಬಜಾರಿನ ದೋಸೆ. ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿಯಿದೆ. ಅದು ಈ ಮನೆಗಳ ಬೆನ್ನಿಗಿರುವ ಸಂದಿ. ಎರಡು ಸಾಲು ಮನೆಗಳ ಹಿತ್ತಿಲ ಗೋಡೆಗಳ ನಡುವೆ, ಬೀದಿಗೆ ಸಮಾನಾಂತರವಾಗಿ ಸಾಗುವ ಈ ಕಿರಿದಾದ ದಾರಿಗೆ ಯಾವ ಮನೆಯ ಮುಂಬಾಗಿಲೂ ತೆರೆಯುವುದಿಲ್ಲ. ಹಳೆಯ ನಿವಾಸಿಗಳು ಇದನ್ನು ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಈ ಬಡಾವಣೆಗಳು ಏಕೆ ಹುಟ್ಟಿದವು, ಅಲ್ಲಿನ ಅಚ್ಚುಕಟ್ಟು ಬದುಕು ಯಾರ ದುಡಿಮೆಯ ಮೇಲೆ ನಿಂತಿತ್ತು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಈ ಸಂದಿಯಲ್ಲೇ ಇದೆ.

1898ಕ್ಕೆ ಮುಂಚೆ ‘ಬೆಂಗಳೂರು’ ಎಂದರೆ ಒಂದಲ್ಲ, ಎರಡು ಊರು. ಕೋಟೆ ಮತ್ತು ಪೇಟೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಪೂರ್ವಕ್ಕಿದ್ದ ದಂಡು ಪ್ರದೇಶದ ಆಡಳಿತ ಬ್ರಿಟಿಷರ ಕೈಯಲ್ಲಿತ್ತು. ಪೇಟೆಯಲ್ಲಿ ಬೀದಿಗೆ ಹೆಸರು ಬರುತ್ತಿದ್ದುದು ಅಲ್ಲಿನ ಕಸುಬಿನಿಂದ, ಇಲ್ಲವೇ ಸರಕಿನಿಂದ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ದವಸ ಧಾನ್ಯದ ತರಗುಪೇಟೆ. ಮುಂದೆ ಅಂಗಡಿ, ಹಿಂದೆ ಅಥವಾ ಅಟ್ಟದ ಮೇಲೆ ಸಂಸಾರ. ಗೋಡೆಗೆ ಗೋಡೆ ತಾಗಿದ ಮನೆಗಳು, ಬೆಳಕು ಕಾಣದ ನಡುಮನೆ, ಮೂಟೆಗಳ ರಾಶಿ. ವ್ಯಾಪಾರಕ್ಕೆ ಇದು ಅನುಕೂಲವೇ. ಇಲಿಗಳಿಗೆ ಇನ್ನೂ ಅನುಕೂಲ.

1894ರಲ್ಲಿ ಹಾಂಗ್‌ಕಾಂಗನ್ನು ಕಾಡಿದ ಪ್ಲೇಗ್ 1896ರಲ್ಲಿ ಮುಂಬಯಿಗೆ ಬಂತು. ಅಲ್ಲಿಂದ ಪುಣೆ, ಅನಂತರ ಧಾರವಾಡ-ಹುಬ್ಬಳ್ಳಿ ಸೀಮೆ. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ರೈಲು ಓಡಾಡತೊಡಗಿ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. 1898ರ ಆಗಸ್ಟ್ ತಿಂಗಳಲ್ಲಿ ರೋಗವೂ ಅದೇ ಹಾದಿ ಹಿಡಿದು ಬಂತು. ಮೊದಲು ಜ್ವರ, ಆಮೇಲೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಕನ್ನಡದಲ್ಲಿ ‘ಇಲಿ ಬಿತ್ತು’ ಎಂಬ ಮಾತಿಗೆ ಆಗ ಒಂದೇ ಅರ್ಥ: ಗಂಟುಮೂಟೆ ಕಟ್ಟಿ ಊರು ಬಿಡಬೇಕು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಓದಿದವರಿಗೆ ಸತ್ತು ಬೀಳುವ ಇಲಿಗಳ ಆ ಭಯದ ಪರಿಚಯ ಉಂಟು.

ಎಷ್ಟು ಜನ ಸತ್ತರು, ಎಷ್ಟು ಜನ ಓಡಿದರು ಎಂಬುದನ್ನು ಜನಗಣತಿಯ ಎರಡು ಅಂಕಿಗಳೇ ಒಟ್ಟಾಗಿ ಹೇಳುತ್ತವೆ. 1891ರಲ್ಲಿ ಪೇಟೆ ಮತ್ತು ದಂಡು ಸೇರಿ ಬೆಂಗಳೂರಿನ ಜನಸಂಖ್ಯೆ 1,80,366 ಇತ್ತು. ಹತ್ತು ವರ್ಷಗಳ ಬಳಿಕ, 1901ರಲ್ಲಿ, ಅದು 1,59,046ಕ್ಕೆ ಇಳಿದಿತ್ತು. ಅಂದಿನಿಂದ ಇಂದಿನವರೆಗೆ ಬೆಳೆಯುವುದೊಂದನ್ನೇ ಬಲ್ಲ ಊರೆಂದು ಹೆಸರಾದ ಬೆಂಗಳೂರು ಕುಗ್ಗಿದ ದಶಕ ಅದು.

ಆಗ ಸಂಸ್ಥಾನದಲ್ಲಿ ರಾಜಪ್ರತಿನಿಧಿಯಾಗಿ ಆಡಳಿತ ನಡೆಸುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ದಿವಾನರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಹುದ್ದೆಯನ್ನು ವಿ. ಪಿ. ಮಾಧವರಾಯರಿಗೆ ವಹಿಸಲಾಯಿತು. ಮನೆಮನೆ ತಪಾಸಣೆ, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಪರೀಕ್ಷೆ, ರೋಗಿಗಳನ್ನು ಬೇರೆ ಇಡುವುದು, ಸೋಂಕಿದ ಮನೆಯನ್ನು ತೆರವು ಮಾಡಿಸಿ ಸುಣ್ಣ ಬಳಿಸುವುದು, ಹೆಂಚು ಸರಿಸಿ ಬಿಸಿಲು ಬೀಳಿಸುವುದು ಇವೆಲ್ಲ ಆ ಕಾಲದ ಪ್ಲೇಗ್ ಕ್ರಮಗಳು. ಮನೆಯೊಳಗೆ, ಅದರಲ್ಲೂ ಹೆಂಗಸರಿರುವ ಕಡೆ, ಸರ್ಕಾರಿ ನೌಕರರು ನುಗ್ಗುವುದನ್ನು ಜನ ಎಲ್ಲಿಯೂ ಸಹಿಸಲಿಲ್ಲ. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು 1897ರ ಜೂನ್ 22ರ ರಾತ್ರಿ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರಲ್ಲಿ ಗಲಭೆಯೇ ಆಯಿತು. ಬೆಂಗಳೂರಿನ ಬಡವರು ತಮ್ಮದೇ ದಾರಿ ಹುಡುಕಿಕೊಂಡರು. ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಊರಿನಲ್ಲಿವೆ.

ಜನರನ್ನು ಪೇಟೆಯಿಂದ ಹೊರಗೆ ಸಾಗಿಸಿದರೆ ಸಾಲದು, ಹೊರಗೆ ಹೋದವರು ಅಲ್ಲೇ ನೆಲೆನಿಲ್ಲುವಂತಾಗಬೇಕು ಎಂಬ ಯೋಚನೆಯಿಂದ ಹೊಸ ಬಡಾವಣೆಗಳ ಕೆಲಸಕ್ಕೆ ವೇಗ ಬಂತು. ಇದು ಏಕಾಏಕಿ ಹೊಳೆದದ್ದಲ್ಲ. ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ 1892ರಲ್ಲೇ ತಲೆಯೆತ್ತಿತ್ತು. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ ಕೊಳವೆ ನೀರು 1896ರಲ್ಲಿ ಬೆಂಗಳೂರಿಗೆ ಬಂದಿತ್ತು. ಜಾಗವಿತ್ತು, ನೀರಿತ್ತು, ಆದರೆ ಪೇಟೆಯ ಜನಕ್ಕೆ ಕದಲುವ ಮನಸ್ಸಿರಲಿಲ್ಲ. ಆ ಮನಸ್ಸನ್ನು ಪ್ಲೇಗ್ ಕೊಟ್ಟಿತು.

ಆಯ್ಕೆಯಾದ ಎರಡೂ ಜಾಗಗಳು ಬಯಲೇನೂ ಆಗಿರಲಿಲ್ಲ. ವಾಯವ್ಯಕ್ಕೆ ಮಲ್ಲಪುರ, ಅಲ್ಲಿನ ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಶಿವಾಜಿಯ ತಮ್ಮ ಏಕೋಜಿ ಮೇದರನಿಂಗನಹಳ್ಳಿಯನ್ನು ದತ್ತಿ ಕೊಟ್ಟದ್ದನ್ನು 1669ರ ಶಾಸನ ಹೇಳುತ್ತದೆ. ದಕ್ಷಿಣಕ್ಕೆ ಸುಂಕೇನಹಳ್ಳಿ; ಅಲ್ಲಿನ ಗುಡ್ಡದ ಮೇಲೆ ದೊಡ್ಡ ಬಸವಣ್ಣ. ಎರಡು ಬಡಾವಣೆಗಳೂ ಹೆಸರು ಪಡೆದದ್ದು ದೇವರಿಂದ. ಹಳ್ಳಿಗಳ ಹೆಸರು ಮಾತ್ರ ಕಾಲಕ್ರಮದಲ್ಲಿ ಕಂದಾಯದ ಕಡತಗಳಿಗೆ ಸರಿದವು. ಪೇಟೆಯಿಂದ ಮಲ್ಲೇಶ್ವರಕ್ಕೆ ನಡೆದರೆ ಸುಮಾರು ಒಂದು ಗಂಟೆಯ ಹಾದಿ. ನಡುವೆ ಕೆರೆ, ಹೊಲ, ತೋಟ. ಆಗಿನವರ ಪಾಲಿಗೆ ಅದು ಊರಾಚೆಯ ಇನ್ನೊಂದು ಊರು.

ಹೊಸ ಊರಿನ ನಕ್ಷೆ ಪೇಟೆಗೆ ತದ್ವಿರುದ್ಧ. ಪಗಡೆಹಾಸಿನಂತೆ ಒಂದನ್ನೊಂದು ಕತ್ತರಿಸುವ ನೇರ ರಸ್ತೆಗಳು. ಬೀದಿಗೆ ಕಸುಬಿನ ಹೆಸರಿಲ್ಲ. ಮೊದಲನೇ ಮೇನ್, ಎಂಟನೇ ಕ್ರಾಸ್ ಎಂಬ ಅಂಕಿ. ಮಲ್ಲೇಶ್ವರದ ಎರಡು ದೊಡ್ಡ ರಸ್ತೆಗಳಿಗಂತೂ ಮರಗಳ ಹೆಸರು. ಒಂದು ಸಂಪಿಗೆ, ಇನ್ನೊಂದು ಬೇವು. ಬೇವನ್ನು ಮಾತ್ರ ಯಾರೂ ಕನ್ನಡದಲ್ಲಿ ಕರೆಯಲಿಲ್ಲ, ಅದು ಇಂದಿಗೂ ಮಾರ್ಗೋಸಾ ರಸ್ತೆ! ಪ್ರತಿ ನಿವೇಶನದಲ್ಲೂ ಮನೆಯ ಸುತ್ತ ಜಾಗ ಬಿಡಬೇಕು, ಕಿಟಕಿಗಳು ಹೊರಗಾಳಿಗೆ ತೆರೆಯಬೇಕು. ಮುಂದೆ ಜಗಲಿ, ಹಿಂದೆ ಬಚ್ಚಲು, ಬಾವಿ, ತೆಂಗಿನ ಮರ. ಹಿತ್ತಿಲ ಕೊನೆಯ ಮೂಲೆಯಲ್ಲಿ ಕಕ್ಕಸು. ಅದರ ಹಿಂಬದಿಯ ಚಿಕ್ಕ ಕಿಂಡಿ ತೆರೆಯುತ್ತಿದ್ದುದು ಆ ಸಂದಿಗೆ.

ಇಲ್ಲೊಂದು ಸ್ವಾರಸ್ಯವಿದೆ. ಪ್ಲೇಗಿಗೆ ಕಾರಣವಾದ ಸೂಕ್ಷ್ಮಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಆದರೆ ಅದು ಮನುಷ್ಯರಿಗೆ ಹೇಗೆ ತಗಲುತ್ತದೆ ಎಂಬುದು ಬೆಂಗಳೂರಿನ ಅಧಿಕಾರಿಗಳಿರಲಿ, ಜಗತ್ತಿನ ಬಹುಪಾಲು ವೈದ್ಯರಿಗೂ ಸ್ಪಷ್ಟವಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ವಾಹಕವೆಂದು ಪಾಲ್ ಲೂಯಿ ಸೀಮಾಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು ಇದೇ 1898ರಲ್ಲಿ. ಅವರ ಮಾತನ್ನು ಆಗ ಹೆಚ್ಚಿನವರು ನಂಬಲಿಲ್ಲ; ಅದು ಸರ್ವಮಾನ್ಯವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಕೊಳಕು, ಕತ್ತಲು, ಕೆಟ್ಟ ಗಾಳಿ, ಜನದಟ್ಟಣೆ ಇವೇ ರೋಗದ ಬೇರೆಂಬುದು ಅಂದಿನ ತಿಳಿವಳಿಕೆ. ಅಗಲ ರಸ್ತೆ, ದೊಡ್ಡ ಕಿಟಕಿ, ಹಿಂದಿನ ಸಂದಿ ಎಲ್ಲವೂ ಆ ತಿಳಿವಳಿಕೆಯ ಕೂಸುಗಳು. ರೋಗದ ಕಾರಣ ಹಿಡಿಯುವುದರಲ್ಲಿ ಲೆಕ್ಕ ತಪ್ಪಿತ್ತು, ಆದರೂ ಉತ್ತರ ಬಹುಮಟ್ಟಿಗೆ ಸರಿಬಂತು. ಕಾರಣ ಸರಳ. ಹೊಸ ಬಡಾವಣೆಗಳಿಗೆ ಸಂಸಾರಗಳು ಬಂದವು, ಧಾನ್ಯದ ಮಂಡಿಗಳು ಬರಲಿಲ್ಲ. ಮೂಟೆಗಳು ತರಗುಪೇಟೆಯಲ್ಲೇ ಉಳಿದವು. ಇಲಿಗಳೂ ಅಲ್ಲೇ.

ಮೊದಲ ವರ್ಷಗಳ ಬದುಕು ಈಗಿನವರು ಊಹಿಸುವಷ್ಟು ರಮ್ಯವಾಗಿರಲಿಲ್ಲ. ಪ್ಲೇಗ್ ಒಂದೇ ಸಲಕ್ಕೆ ಮುಗಿಯಲಿಲ್ಲ. ವರ್ಷ ಬಿಟ್ಟು ವರ್ಷ ಮರುಕಳಿಸಿತು. ಇಲಿ ಬಿದ್ದಾಗ ಪೇಟೆಯವರು ಊರ ಹೊರಗಿನ ಶೆಡ್ಡುಗಳಿಗೆ ಓಡುವುದು, ತಣ್ಣಗಾದ ಮೇಲೆ ಮರಳುವುದು ಒಂದು ರೂಢಿಯೇ ಆಯಿತು. ಕಚೇರಿಗೆ, ಕೋರ್ಟಿಗೆ, ಜವಳಿ ಕೊಳ್ಳಲು ಚಿಕ್ಕಪೇಟೆಗೆ, ಪುಸ್ತಕಕ್ಕೆ ದೊಡ್ಡಪೇಟೆಗೆ ನಡೆಯಬೇಕು, ಇಲ್ಲವೇ ಜಟಕಾ ಹಿಡಿಯಬೇಕು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದೇ 1905ರಲ್ಲಿ. ಅಲ್ಲಿಯವರೆಗೆ ಕತ್ತಲಾದ ಮೇಲೆ ಮರಗಳ ಸಾಲಿನ ಆ ರಸ್ತೆಗಳು ಎಷ್ಟು ಅಂದವಾಗಿ ಕಂಡಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

ನಿಧಾನವಾಗಿ ಊರು ಊರಾಯಿತು. ಸರ್ಕಾರಿ ನೌಕರರು, ಮೇಷ್ಟರು, ವಕೀಲರು ಬಂದರು. ದೊಡ್ಡ ನಿವೇಶನ ಕೊಂಡವರು ಹಿಂದೆ ಒಂದು ಸಾಲು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರು, ವಠಾರ ಹುಟ್ಟಿಕೊಂಡಿತು. ಒಂದೇ ನಲ್ಲಿ, ಒಂದೇ ಅಂಗಳ, ಹಲವು ಒಲೆ. ಸಾಲ ತಂದ ಕಾಫಿಪುಡಿಯ ಲೆಕ್ಕದಿಂದ ಹಿಡಿದು ಹೆಣ್ಣು ನೋಡುವ ಶಾಸ್ತ್ರದವರೆಗೆ ಎಲ್ಲವೂ ಎಲ್ಲರಿಗೂ ಗೊತ್ತು. ಗಾಳಿ ಬೆಳಕಿಗೆಂದು ಬಿಡಿಸಿದ ನಕ್ಷೆಯೊಳಗೆ ಪೇಟೆಯ ಇಕ್ಕಟ್ಟು ಹೀಗೆ ಹಿಂಬಾಗಿಲಿನಿಂದ ಬಂದು ಕೂತಿತು ಎನ್ನಬಹುದು. ವಠಾರವನ್ನು ಇಂದು ಹೊಗಳುವವರಲ್ಲಿ ಅಲ್ಲಿ ನಲ್ಲಿಗೆ ಸರದಿ ಕಾದವರು ಕಡಿಮೆ.

ಶಾಲೆ, ಓದುವ ಕೊಠಡಿ, ಭಜನೆ, ಸಂಗೀತ ಒಂದೊಂದಾಗಿ ಬೇರೂರಿದವು. ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲ್ ಆರಂಭವಾಯಿತು. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಬಾಗಿಲು ತೆರೆಯಿತು; ಹೆಸರೇ ಹೇಳುವಂತೆ ಅದರ ಮೊದಲ ಗಿರಾಕಿಗಳು ವಿದ್ಯಾರ್ಥಿಗಳು. 1945ರಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅತ್ತ ಮಲ್ಲೇಶ್ವರದಲ್ಲಿ ವಿಜ್ಞಾನಿ ಸಿ. ವಿ. ರಾಮನ್ ಅವರ ಮನೆ ‘ಪಂಚವಟಿ’. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವಣ್ಣನಿಗೆ ಹೊಸ ಬೆಳೆ ಒಪ್ಪಿಸಲು ಸುತ್ತಲಿನ ರೈತರು ತರುತ್ತಿದ್ದ ಕಡಲೆಕಾಯಿಯ ಪರಿಷೆ ಮಾತ್ರ ಬಡಾವಣೆಗಿಂತ ಹಳೆಯದು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಗಳೆಲ್ಲ ಮನೆಗಳಾದರೂ ಪರಿಷೆ ನಿಲ್ಲಲಿಲ್ಲ. ಕಾಯಿ ಈಗ ದೂರದೂರಿನಿಂದ ಲಾರಿಯಲ್ಲಿ ಬರುತ್ತದೆ.

ಈ ಊರಿನಲ್ಲಿ ಯಾರಿಗೆ ಎಲ್ಲಿ ಜಾಗ ಎಂಬ ಪ್ರಶ್ನೆಗೆ ನಕ್ಷೆಯೇ ಉತ್ತರ ಬರೆದಿತ್ತು. ಬಡಾವಣೆಯನ್ನು ಬ್ಲಾಕುಗಳಾಗಿ ಒಡೆದು, ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಬ್ಲಾಕು ಎಂಬ ಏರ್ಪಾಡು ಮೂಲ ಯೋಜನೆಯಲ್ಲಿತ್ತು. ಬೀದಿಗಳ ಹೆಸರಿನಿಂದ ಕಸುಬು ಅಳಿಸಿಹೋಯಿತು, ನಿವೇಶನದ ಹಂಚಿಕೆಯಲ್ಲಿ ಜಾತಿ ಉಳಿಯಿತು. ಕಾಲಕ್ರಮದಲ್ಲಿ ನೌಕರಿ, ವಿದ್ಯೆ, ಕೊಳ್ಳುವ ಶಕ್ತಿ ಇದ್ದ ಮೇಲ್ಜಾತಿಗಳ, ಮುಖ್ಯವಾಗಿ ಬ್ರಾಹ್ಮಣರ, ಬಡಾವಣೆಗಳೆಂದೇ ಇವು ಹೆಸರಾದವು. ಪ್ಲೇಗಿಗೆ ಹೆದರಿದವರು ಎಲ್ಲರೂ. ಹೆದರಿ ಹೊರಬಂದು ಮನೆ ಕಟ್ಟಿಕೊಳ್ಳಲು ಆದದ್ದು ಕೆಲವರಿಗೆ.

ಮತ್ತೆ ಆ ಸಂದಿಯ ವಿಷಯ. ಮನೆಯವರು ಏಳುವ ಮುಂಚೆ, ನಸುಕಿನಲ್ಲಿ, ಅಲ್ಲಿ ಕೆಲಸ ಮುಗಿಯಬೇಕಿತ್ತು. ಹಿಂದಿನ ಕಿಂಡಿಯಿಂದ ಮಲವನ್ನು ತೆಗೆದು, ಬಕೆಟ್ಟು-ಬುಟ್ಟಿಗಳಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಗಾಡಿಗೆ ಸುರಿಯುತ್ತಿದ್ದವರು ದಲಿತ ಹೆಂಗಸರು, ಗಂಡಸರು. ಬೆಂಗಳೂರಿನ ಈ ಕೆಲಸಗಾರರಲ್ಲಿ ತೆಲುಗು ಮನೆಮಾತಿನವರು ಬಹಳ. ರಂಗೋಲಿಯ ಬೀದಿಗೆ ಅವರು ಬರುವ ಅಗತ್ಯವೇ ಬೀಳದಂತೆ ನಕ್ಷೆ ರಚನೆಯಾಗಿತ್ತು. ಆರೋಗ್ಯಶಾಸ್ತ್ರಕ್ಕೆ ಬೇಕಾದದ್ದು ಮಲದ ವಿಲೇವಾರಿ. ಮಡಿವಂತಿಕೆಗೆ ಬೇಕಾದದ್ದು ಹೊರುವವರು ಕಣ್ಣಿಗೆ ಬೀಳದಿರುವುದು. ಒಂದೇ ಸಂದಿ ಎರಡನ್ನೂ ಪೂರೈಸಿತು. ಈ ಬಡಾವಣೆಗಳ ಬಗ್ಗೆ ಬಂದಿರುವ ಲೆಕ್ಕವಿಲ್ಲದಷ್ಟು ನೆನಪಿನ ಬರಹಗಳಲ್ಲಿ ಹೂವಾಡಗಿತ್ತಿ ಇದ್ದಾಳೆ, ಹಾಲಿನವನಿದ್ದಾನೆ, ಜಟಕಾ ಸಾಹೇಬರಿದ್ದಾರೆ. ಸಂದಿಯಲ್ಲಿ ನಡೆದವರು ಕಾಣುವುದು ಅಪರೂಪ.

ಒಳಚರಂಡಿ ಹಂತಹಂತವಾಗಿ ಬಂದಂತೆ ಕಕ್ಕಸು ಮನೆಯೊಳಗೆ ಸೇರಿತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದಾಗಿ 2013ರಲ್ಲಿ ಇನ್ನೊಂದು ಕಾನೂನು ಮಾಡಬೇಕಾಯಿತು.

ಕೆಲಸ ಕಳೆದುಕೊಂಡ ಸಂದಿಗಳ ಗತಿ ಒಂದೊಂದು ಕಡೆ ಒಂದೊಂದು ಬಗೆ. ಕೆಲವನ್ನು ಅಕ್ಕಪಕ್ಕದವರು ಗೋಡೆ ಸರಿಸಿ ನುಂಗಿದರು. ಕೆಲವು ಕಸದ ತಿಪ್ಪೆಯಾದವು, ಕೆಲವು ಸ್ಕೂಟರು ನಿಲ್ಲಿಸುವ ಜಾಗ. ಮಲ್ಲೇಶ್ವರದಲ್ಲಿ ಈಚಿನ ವರ್ಷಗಳಲ್ಲಿ ನಿವಾಸಿಗಳೇ ಮುಂದೆ ನಿಂತು ಕೆಲವು ಸಂದಿಗಳನ್ನು ಚೊಕ್ಕಟ ಮಾಡಿ, ಗೋಡೆಗೆ ಚಿತ್ರ ಬರೆಸಿ, ನಡೆದಾಡುವ ದಾರಿ ಮಾಡಿದ್ದಾರೆ. ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಆದರೂ ನಿವೇಶನ ಕೈ ಬದಲಾಗುವಾಗ ಕ್ರಯಪತ್ರದ ಚಕ್ಕುಬಂದಿಯಲ್ಲಿ, ಮುಂದಿನ ರಸ್ತೆ ಮತ್ತು ಅಕ್ಕಪಕ್ಕದ ಸ್ವತ್ತುಗಳ ಜೊತೆಗೆ, ಹಿಂಬದಿಯ ಎಲ್ಲೆಯಾಗಿ ‘ಕನ್ಸರ್ವೆನ್ಸಿ ಗಲ್ಲಿ’ ಎಂದೇ ಇನ್ನೂ ಬರೆಯುತ್ತಾರೆ.