ನ್ಯೂಯಾರ್ಕಿನ ಸಾಲವೂ ಉಪಾಧ್ಯಾಯರ ಉಳಿತಾಯವೂ

ದಿವಾಳಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಬಾಗಿಲು ಹಾಕಿದ ಅಂಗಡಿ. ನಗರಕ್ಕೆ ಹಾಗೆ ಬಾಗಿಲು ಹಾಕಲು ಬಾರದು. ನೀರು ಹರಿಯಬೇಕು, ಕಸ ಸಾಗಬೇಕು, ಶಾಲೆ ನಡೆಯಬೇಕು. 1975ರಲ್ಲಿ ಈ ಇಕ್ಕಟ್ಟಿಗೆ ಸಿಲುಕಿದುದು, ಧನಿಕರ ತವರೆನಿಸಿದ ನ್ಯೂಯಾರ್ಕ್ ನಗರ.

ಅಲ್ಲಿನ ಆಡಳಿತವು ಹಲವು ವರ್ಷ ಆದಾಯ ಮೀರಿ ವೆಚ್ಚ ಮಾಡಿತ್ತು. ಕಟ್ಟಡಗಳಿಗೆಂದು ಎತ್ತಿದ ಸಾಲದಲ್ಲಿ ದಿನನಿತ್ಯದ ಖರ್ಚನ್ನೂ ಸೇರಿಸಿತು. ಮುಂದೆ ಬರಲಿರುವ ತೆರಿಗೆಯ ಹೆಸರಿನಲ್ಲಿ ಅಲ್ಪಾವಧಿ ಸಾಲಪತ್ರಗಳನ್ನು ಮಾರಿ, ವಾಯಿದೆ ಬಂದಾಗ ಹೊಸ ಪತ್ರ ಮಾರಿ ಹಳೆಯದನ್ನು ತೀರಿಸುತ್ತಿತ್ತು. ಆ ವರ್ಷದ ವಸಂತದಲ್ಲಿ ಬ್ಯಾಂಕುಗಳು ಕೈಯೆತ್ತಿದವು. ಆಗಿನ ಮೇಯರ್ ಅಬ್ರಹಾಂ ಬೀಮ್ ಅವರು ಹಿಂದೆ ಅದೇ ನಗರದ ಲೆಕ್ಕಪತ್ರಗಳ ಮುಖ್ಯಾಧಿಕಾರಿಯಾಗಿದ್ದವರೆಂಬುದು ವಿಧಿಯ ವಿನೋದವೇ ಸರಿ!

ರಾಜ್ಯ ಸರ್ಕಾರವು ಜೂನ್‌ನಲ್ಲಿ ಒಂದು ನಿಗಮವನ್ನು ಸ್ಥಾಪಿಸಿ, ನಗರದ ಮಾರಾಟ ತೆರಿಗೆಯ ಆಧಾರದ ಮೇಲೆ ಸಾಲವೆತ್ತುವ ಅಧಿಕಾರವನ್ನು ಅದಕ್ಕಿತ್ತಿತು; ಸೆಪ್ಟೆಂಬರಿನಲ್ಲಿ ಖರ್ಚಿಗೆ ಕಡಿವಾಣ ಹಾಕಲು ನಿಯಂತ್ರಣ ಮಂಡಲಿಯನ್ನು ನೇಮಿಸಿತು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಉಪನಗರ ರೈಲಿನ ಮಾತಿರಲಿ, ನಗರದೊಳಗಿನ ಸುರಂಗ ರೈಲಿನ ದರವೇ 35 ಸೆಂಟ್‌ನಿಂದ 50 ಸೆಂಟ್‌ಗೆ ಏರಿತು.

ಇಷ್ಟಾದರೂ ಅಕ್ಟೋಬರ್ 17ರಂದು ನಗರವು ದಿವಾಳಿಯ ಹೊಸ್ತಿಲಲ್ಲಿತ್ತು. ಅಂದು ತೀರಿಸಬೇಕಾದುದು ಸುಮಾರು 45 ಕೋಟಿ ಡಾಲರ್. ಬೊಕ್ಕಸ ಬಹುಮಟ್ಟಿಗೆ ಬರಿದು. ಉಪಾಧ್ಯಾಯರ ನಿವೃತ್ತಿ ನಿಧಿಯು 15 ಕೋಟಿ ಡಾಲರಿನ ನಿಗಮಪತ್ರಗಳನ್ನು ಕೊಳ್ಳಬೇಕಿತ್ತು. ಅವರ ಸಂಘದ ಮುಖ್ಯಸ್ಥ ಆಲ್ಬರ್ಟ್ ಶ್ಯಾಂಕರ್ ಮೊದಲು ಒಪ್ಪಲಿಲ್ಲ. ಅದರಲ್ಲಿ ತಪ್ಪೇನು? ಸಾವಿರಾರು ಉಪಾಧ್ಯಾಯರನ್ನು ಮನೆಗೆ ಕಳುಹಿಸಿದ ನಗರಕ್ಕೆ, ಉಳಿದವರ ಮುಪ್ಪಿನ ಆಸರೆಯನ್ನು ಒಪ್ಪಿಸುವುದು ಹೇಗೆ? ಆದರೆ ನಗರ ಮುಳುಗಿದರೆ ಸಂಬಳವೂ ಇಲ್ಲ, ನಿವೃತ್ತಿ ವೇತನಕ್ಕೂ ಭರವಸೆಯಿಲ್ಲ. ಅಪರಾಹ್ನ ಅವರು ಸಮ್ಮತಿಸಿದರು, ನಗರ ಉಳಿಯಿತು.

ನೆರವೀಯಲಾರೆನೆಂದಿದ್ದ ಅಧ್ಯಕ್ಷ ಫೋರ್ಡ್ ಅವರು ಡಿಸೆಂಬರಿನಲ್ಲಿ, ವರ್ಷಕ್ಕೆ 230 ಕೋಟಿ ಡಾಲರಿನವರೆಗೆ ಸಾಲ ಕೊಡುವ ಶಾಸನಕ್ಕೆ ಅಂಕಿತ ಹಾಕಿದರು. ಆ ಸಾಲ ಬಡ್ಡಿಸಮೇತ ಸಂದಾಯವಾಯಿತು. 1981ರ ಹೊತ್ತಿಗೆ ಆಯವ್ಯಯ ಸರಿದೂಗಿತು.

ಇನ್ನೊಂದು ಮಾತುಂಟು. 1847ರಲ್ಲಿ ಸ್ಥಾಪಿತವಾದ ನಗರದ ಕಾಲೇಜು ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆಯಿತ್ತಿತ್ತು. ಅದರಿಂದ ಬೆಳೆದ ನಗರ ವಿಶ್ವವಿದ್ಯಾಲಯವೂ ಆ ಪದ್ಧತಿಯನ್ನು ಉಳಿಸಿಕೊಂಡಿತ್ತು. 1976ರಲ್ಲಿ ಶುಲ್ಕ ವಿಧಿಸಲಾಯಿತು. ಉಚಿತವಾಗಿ ಓದಿ ಮೇಲೆ ಬಂದವರಿಗೆ ಇದರ ಭಾರ ತಿಳಿದೀತು. ಆಯವ್ಯಯ ಸರಿದೂಗಿದ ಮೇಲೂ ಆ ಶುಲ್ಕವನ್ನು ತೆಗೆಯಲಿಲ್ಲ.