ವೆಂಗಿಗೆ ಹೋದ ಸುಂಕದ ದಂಡನಾಯಕ

ಚೋಳರ ಮೇಲೆ ದೊಡ್ಡ ಸಿನಿಮಾಗಳು ಬಂದ ಮೇಲೆ ಮೊಬೈಲುಗಳಲ್ಲಿ ಒಂದು ಜಗಳ ಹತ್ತಿಕೊಂಡಿದೆ. ಗೆದ್ದವರು ತಂಜಾವೂರಿನ ಚೋಳರೋ, ಕಲ್ಯಾಣದ ಚಾಲುಕ್ಯರೋ? ಒಬ್ಬರು ಕಲ್ಯಾಣ ಸುಟ್ಟದ್ದನ್ನು ಎತ್ತಿ ಆಡಿದರೆ, ಇನ್ನೊಬ್ಬರು 1054ರ ಕೊಪ್ಪಂ ಕಾಳಗದಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಮಡಿದದ್ದನ್ನು ನೆನಪಿಸುತ್ತಾರೆ. ಇಬ್ಬರೂ ಯಾವ ನೆಲಕ್ಕಾಗಿ ನೂರು ವರ್ಷಕ್ಕೂ ಮಿಕ್ಕಿ ಬಡಿದಾಡಿದರೋ ಆ ವೆಂಗಿಯ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಈ ವಿಷಯದ ಮೇಲೆ ಒಂದೂವರೆ ಶತಮಾನದಿಂದ ನಡೆದ ಕೆಲಸವನ್ನು ಒಮ್ಮೆ ಹಿಂತಿರುಗಿ ನೋಡುವುದಕ್ಕೆ ಇಷ್ಟು ನೆಪ ಸಾಕು.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಕೃಷ್ಣಾ ಗೋದಾವರಿಗಳ ನಡುವಿನ ವೆಂಗಿಯನ್ನು ಆಳುತ್ತಿದ್ದವರು ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನ ವಂಶದವರು. ಹತ್ತನೆಯ ಶತಮಾನದ ಕೊನೆಗೆ ಅಲ್ಲಿ ದಾಯಾದಿ ಕಲಹ ಹುಟ್ಟಿದಾಗ ರಾಜರಾಜ ಚೋಳ ಒಬ್ಬನನ್ನು ಪಟ್ಟಕ್ಕೆ ಕೂರಿಸಿ, ಅವನ ತಮ್ಮನಿಗೆ ಮಗಳು ಕುಂದವೈಯನ್ನು ಕೊಟ್ಟ. ಕಲ್ಯಾಣದವರು ಸುಮ್ಮನಿರಲಿಲ್ಲ. ವೆಂಗಿಯಲ್ಲಿ ಪಟ್ಟ ತಪ್ಪಿದ ವಿಜಯಾದಿತ್ಯನ ಬೆನ್ನಿಗೆ ಅಲ್ಲಿಯ ಅರಸ ಜಯಸಿಂಹ ನಿಂತ. ಆಹವಮಲ್ಲ ಸೋಮೇಶ್ವರ ತನ್ನ ಮಗನಿಗೇ ‘ವೆಂಗಿಪುರವರೇಶ್ವರ’ ಎಂಬ ಬಿರುದು ಕೊಟ್ಟ. 1070ರಲ್ಲಿ ವೆಂಗಿಯ ಅರಸುಮಗನೇ ಕುಲೋತ್ತುಂಗನೆಂಬ ಹೆಸರಿನಲ್ಲಿ ಚೋಳ ಸಿಂಹಾಸನವೇರಿದಾಗ ಎರಡು ರಾಜ್ಯಗಳು ಒಂದಾದವು. ಕಲ್ಯಾಣದ ಆರನೆಯ ವಿಕ್ರಮಾದಿತ್ಯ ಕಾದು ಕಾದು, 1118ರ ಸುಮಾರಿಗೆ, ಕುಲೋತ್ತುಂಗನ ಮಗ ವೆಂಗಿ ಬಿಟ್ಟು ದಕ್ಷಿಣಕ್ಕೆ ಹೋದಾಗ ಅದನ್ನು ಹಿಡಿದ. ಅವನು 1126ರಲ್ಲಿ ತೀರಿಕೊಂಡ ಮೇಲೆ ಹತ್ತು ವರ್ಷದೊಳಗೆ ಅದು ಕೈತಪ್ಪಿತು.

ಮೊದಲ ಕೆಲಸ ಮಾಡಿದವರು ಕಂಪನಿಯ ಮತ್ತು ಬ್ರಿಟಿಷ್ ಸರ್ಕಾರದ ಅಧಿಕಾರಿಗಳು. ವಾಲ್ಟರ್ ಎಲಿಯಟ್ ಶಾಸನಗಳ ನಕಲು ಮಾಡಿಸಿ ಗುಡ್ಡೆ ಹಾಕಿದರು. ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಪುಸ್ತಕ ತಂದರು. ವೆಂಗಿಯ ಅರಸರ ಕಾಲಗಣನೆಗೂ ನೆಲೆ ಕಟ್ಟಿದವರು ಅವರೇ. ಬ್ಯೂಲರ್ 1874ರಲ್ಲಿ ಜೈಸಲ್ಮೇರಿನ ಭಂಡಾರದಲ್ಲಿ ಬಿಲ್ಹಣನ ವಿಕ್ರಮಾಂಕದೇವಚರಿತದ ಹಸ್ತಪ್ರತಿ ಕಂಡದ್ದು ದೊಡ್ಡ ಲಾಭ, ಸಣ್ಣ ನಷ್ಟ. ವಿಕ್ರಮಾದಿತ್ಯನ ಆಸ್ಥಾನಕವಿ ತನ್ನ ದೊರೆಗೆ ಬೇಕಾದಂತೆ ಬರೆದದ್ದನ್ನು ಎರಡು ತಲೆಮಾರಿನವರು ದಿನಚರಿಯಂತೆ ಓದಿದರು.

1930ರ ದಶಕದಲ್ಲಿ ನೀಲಕಂಠ ಶಾಸ್ತ್ರಿಗಳ ಚೋಳ ಇತಿಹಾಸ ಬಂತು. ಅಂಥ ಪುಸ್ತಕ ನಮ್ಮ ಚಾಲುಕ್ಯರಿಗೆ ಇಂದಿಗೂ ಇಲ್ಲ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಆದರೆ ಅವರ ಕಥೆಯ ಎಳೆ ತಮಿಳು ಶಾಸನಗಳ ಮೊದಲಲ್ಲಿ ಬರುವ ರಾಜಸ್ತುತಿಗಳಾದ ಮೆಯ್‌ಕೀರ್ತಿಗಳದು. ಪ್ರತಿ ದಂಡಯಾತ್ರೆಯೂ ಗೆಲುವು, ಪ್ರತಿ ಗೆಲುವಿನ ಮುಂದಿನ ವರ್ಷ ಮತ್ತದೇ ಶತ್ರುವಿನ ಮೇಲೆ ಮತ್ತೊಂದು ದಂಡಯಾತ್ರೆ. ಇನ್ನೊಂದು ದಡದಿಂದ ನೋಡಿದವರು ನೇಲಟೂರಿ ವೆಂಕಟರಮಣಯ್ಯನವರು. 1950ರ ಅವರ ಪುಸ್ತಕದಲ್ಲಿ ವೆಂಗಿ ಕೊನೆಗೂ ಇಬ್ಬರ ನಡುವಿನ ಹುಲ್ಲುಗಾವಲಾಗಿ ಉಳಿಯದೆ ಒಂದು ರಾಜ್ಯವಾಗಿ ಕಾಣಿಸಿತು. ಅದನ್ನು ಓದದೆ ಈ ವಿಷಯಕ್ಕೆ ಕೈಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಧಾರವಾಡ. ಅಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಯಿತು. ಪಂಚಮುಖಿ, ಪಿ.ಬಿ. ದೇಸಾಯಿ, ಶ್ರೀನಿವಾಸ ರಿತ್ತಿ ಇವರ ಬಳಿಯಲ್ಲಿ ಬೆಳೆದ ನಮ್ಮ ತಲೆಮಾರು ಶಾಸನವನ್ನು ಮೊದಲು ಊರಲ್ಲಿ ಓದಿ, ಆಮೇಲೆ ಪುಸ್ತಕದಲ್ಲಿ ಓದಿತು. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವ ಹೊತ್ತಿಗೆ ಅರ್ಧ ಪಾಠ ಬಾಯಿಗೆ ಬಂದಿರುತ್ತಿತ್ತು. ಶಿಗ್ಗಾಂವಿ ತಾಲ್ಲೂಕಿನ ಹೊಟ್ಟೂರಿನ ಶಾಸನವನ್ನೇ ನೋಡಿ. ಶಕ 929, ಅಂದರೆ 1007ರದು. ಚೋಳ ಒಂಬತ್ತು ಲಕ್ಷ ದಂಡಿನೊಡನೆ ಬಂದು ನಾಡನ್ನು ಹಾಳುಗೆಡವಿ, ಹೆಂಗಸರು ಮಕ್ಕಳೆನ್ನದೆ ಕೊಂದನೆಂದು ಅದು ಹೇಳುತ್ತದೆ. ಒಂಬತ್ತು ಲಕ್ಷ ಉತ್ಪ್ರೇಕ್ಷೆ, ಹೆದರಿಕೆ ಉತ್ಪ್ರೇಕ್ಷೆಯಲ್ಲ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ 1966ರಲ್ಲಿ ಬಂದ ಮೇಲೆ ಅರಸರ ಪಟ್ಟಿಯ ಆಚೆಗೆ ಜನ ಕಾಣತೊಡಗಿದರು. ಬಿ.ಆರ್. ಗೋಪಾಲ್ ಕಲ್ಯಾಣದ ಚಾಲುಕ್ಯರ ಆಡಳಿತದ ಎಳೆಗಳನ್ನು ತಾಳ್ಮೆಯಿಂದ ಬಿಡಿಸಿದರು. ಅವರಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

1980ರ ಆಚೀಚೆ ಅಮೆರಿಕದ ವಿದ್ವಾಂಸರ ಗಾಳಿ ಬೀಸಿತು. ಬರ್ಟನ್ ಸ್ಟೀನ್ ಮಧ್ಯಕಾಲದ ದಕ್ಷಿಣದ ಅರಸನ ಆಜ್ಞೆ ರಾಜಧಾನಿಯ ಸುತ್ತಮುತ್ತ ಮಾತ್ರ ನಡೆಯುತ್ತಿತ್ತು, ಆಚೆಗೆಲ್ಲ ಬರಿಯ ವಿಧಿಯ ಅಧಿಕಾರ ಎಂದರು. ಜಾರ್ಜ್ ಸ್ಪೆನ್ಸರ್ ಚೋಳರ ದಂಡಯಾತ್ರೆಗಳನ್ನು ಕೊಳ್ಳೆಯ ರಾಜಕೀಯವೆಂದು ಕರೆದರು. ಕೊಳ್ಳೆಗೆ ಸಾಕ್ಷಿ ಇದೆ. ರಾಜಾಧಿರಾಜ ಕಲ್ಯಾಣಪುರ ಸುಟ್ಟು ತಂದನೆಂದು ಪೀಠದ ಮೇಲೆಯೇ ಬರೆಸಿಕೊಂಡ ದ್ವಾರಪಾಲಕನ ಮೂರ್ತಿ ದಾರಾಸುರದ ಗುಡಿಯಲ್ಲಿತ್ತು, ಈಗ ತಂಜಾವೂರಿನ ಕಲಾ ಸಂಗ್ರಹಾಲಯದಲ್ಲಿದೆ. ಆದರೆ ಕೊಳ್ಳೆ ಹೊಡೆಯುವವನು ಮೂರು ತಲೆಮಾರು ಹೆಣ್ಣು ಕೊಡುವುದಿಲ್ಲ. ಸತ್ತ ಮೂವರು ಚೋಳ ಸೇನಾನಿಗಳ ನೆನಪಿಗೆ ವೆಂಗಿಯ ರಾಜರಾಜ ನರೇಂದ್ರ ಗುಡಿಗಳನ್ನು ಕಟ್ಟಿಸಿದ್ದನ್ನು ಕಲಿದಿಂಡಿಯ ತಾಮ್ರಪಟ ಹೇಳುತ್ತದೆ. ಇದು ಬಂದು ದೋಚಿ ಹೋದವರ ಸಂಬಂಧವಲ್ಲ. ಈಚಿನವರಲ್ಲಿ ವಿಟ್ನಿ ಕಾಕ್ಸ್ 2016ರಲ್ಲಿ ಕುಲೋತ್ತುಂಗನ ಪಟ್ಟಾಭಿಷೇಕದ ಸುತ್ತಲಿನ ತಮಿಳು, ಸಂಸ್ಕೃತ ಪಠ್ಯಗಳನ್ನು ಸೂಕ್ಷ್ಮವಾಗಿ ಓದಿದ್ದಾರೆ. ಕನ್ನಡ ಶಾಸನಗಳಿಗೂ ಅಷ್ಟೇ ಜಾಗ ಸಿಕ್ಕಿದ್ದರೆ ಚೆನ್ನಾಗಿತ್ತು.

ಇಷ್ಟಾಗಿಯೂ, ಹಿಡಿದ ಮೇಲೆ ವೆಂಗಿಯನ್ನು ವಿಕ್ರಮಾದಿತ್ಯ ಆಳಿದ್ದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅವನು ಅಲ್ಲಿಗೆ ಕಳಿಸಿದ್ದು ಅನಂತಪಾಲ ದಂಡನಾಯಕನನ್ನು. ಯುದ್ಧದ ಪುಸ್ತಕಗಳಲ್ಲಿ ಅವನೊಬ್ಬ ಸೇನಾಪತಿ, ಅಷ್ಟೆ. ಬನವಾಸಿ ನಾಡಿನ ಬಳ್ಳಿಗಾವೆಯ ಶಾಸನಗಳನ್ನು ತೆರೆದರೆ ಬೇರೆಯೇ ಮನುಷ್ಯ ಕಾಣುತ್ತಾನೆ. ಬೆಳ್ವೊಲ, ಪುಲಿಗೆರೆ ಮುನ್ನೂರುಗಳೆಂಬ ನಾಡುಗಳೂ ಬನವಾಸಿ ಪನ್ನಿರ್ಚಾಸಿರವೂ (ಹನ್ನೆರಡು ಸಾವಿರ) ಅವನ ಕೈಯಲ್ಲಿದ್ದವು. ಅದಕ್ಕಿಂತ ಮುಖ್ಯ, ‘ಏಳೂವರೆ ಲಕ್ಷ’ದ ಇಡೀ ರಾಜ್ಯದ ಪನ್ನಾಯವೆಂಬ ಸುಂಕದ ಲೆಕ್ಕ ಅವನದು. ಬನವಾಸಿಯನ್ನು ಅವನ ಪರವಾಗಿ ನೋಡಿಕೊಂಡವನು ಅಳಿಯ ಗೋವಿಂದರಸ. ವೆಂಗಿಯ ದ್ರಾಕ್ಷಾರಾಮದ ಗುಡಿಯಲ್ಲಿ ನಂದಾದೀಪದ ದತ್ತಿಗಳು ವಿಕ್ರಮಾದಿತ್ಯ ಶುರುಮಾಡಿದ ಚಾಲುಕ್ಯ ವಿಕ್ರಮ ವರ್ಷದ ಲೆಕ್ಕದಲ್ಲಿ ಬರೆಯಲ್ಪಟ್ಟದ್ದು ಈ ಮನೆತನದವರ ಕಾಲದಲ್ಲೇ. ಗೆದ್ದ ನಾಡಿಗೆ ಹೋದದ್ದು ಸುಂಕದ ಲೆಕ್ಕ ಬಲ್ಲವನು, ಅವನ ಜತೆ ಹೋದದ್ದು ಹೊಸ ಶಕ. ವೆಂಗಿಯ ಬಂದರುಗಳ ವ್ಯಾಪಾರ ಬೇಕಾಗಿದ್ದ ಅರಸ ಮತ್ತೆ ಯಾರನ್ನು ಕಳಿಸಬೇಕು?

ಇದನ್ನು ಪರೀಕ್ಷಿಸಲು ಹೊಸ ಉತ್ಖನನ ಬೇಡ. ದ್ರಾಕ್ಷಾರಾಮದ ಶಾಸನಗಳು 1923ರಲ್ಲೇ ಅಚ್ಚಾಗಿವೆ, ಬಳ್ಳಿಗಾವೆಯವು ಬಿ.ಎಲ್. ರೈಸರ ಶಾಸನ ಸಂಪುಟದಲ್ಲಿ 1902ರಲ್ಲಿ. ತೊಡಕು ಬೇರೆಡೆ ಇದೆ: ತೆಲುಗು ಶಾಸನ ತೆಲುಗು ವಿಭಾಗಕ್ಕೆ, ಕನ್ನಡದ್ದು ಕನ್ನಡ ವಿಭಾಗಕ್ಕೆ, ತಮಿಳಿನದು ಚೆನ್ನೈಗೆ ಎಂದು ನಾವು ಪಾಲು ಮಾಡಿಕೊಂಡು ಕೂತಿದ್ದೇವೆ. ಹಳಗನ್ನಡದ ಜತೆ ಹಳೆಯ ತೆಲುಗನ್ನೂ ಓದಬಲ್ಲ ಒಬ್ಬ ವಿದ್ಯಾರ್ಥಿ ಸಿಕ್ಕರೆ, ಮಾರ್ಗದರ್ಶಕರು ಇನ್ನೊಂದು ಸಾಮಂತ ವಂಶದ ರಾಜಕೀಯ ಚರಿತ್ರೆಯನ್ನು ಅವರ ತಲೆಗೆ ಕಟ್ಟದೆ, ಅನಂತಪಾಲನ ಮನೆತನದ ಶಾಸನಗಳನ್ನು ಒಟ್ಟುಗೂಡಿಸುವ ಕೆಲಸ ಕೊಡಲಿ.